ದುಂಡಸಿಯ ಟೀಚರು ಮಸ್ಕತ್ತಿನ ಶಾಲೆಗೆ

ಹಾವೇರಿ ಜಿಲ್ಲೆಯ ಶಿಗ್ಗಾವಿ ತಾಲ್ಲೂಕಿನ ಹೋಬಳಿ ಊರು ನಮ್ಮ ದುಂಡಸಿ. ಪೂರ್ತಿ ಮಲೆನಾಡೂ ಅಲ್ಲ, ಪೂರ್ತಿ ಬಯಲುಸೀಮೆಯೂ ಅಲ್ಲ. ಪಡುವಣಕ್ಕೆ ಹೋದರೆ ಮುಂಡಗೋಡದ ಕಾಡು ಶುರುವಾಗುತ್ತದೆ, ಮೂಡಣಕ್ಕೆ ಸವಣೂರಿನ ಕಡೆ ಹೋದರೆ ಎರೆಹೊಲ. ನಡುವೆ ನಾವು ಭತ್ತ, ಗೋವಿನಜೋಳ, ಹತ್ತಿ ಬೆಳೆದುಕೊಂಡು ಇದ್ದೇವೆ. ಬ್ಯಾಂಕಿನಲ್ಲಿ ಗುಮಾಸ್ತನಾಗಿ ಮೂವತ್ತಾರು ವರ್ಷ ಲೆಡ್ಜರ್ ಬರೆದು ನಾನು ಊರಿಗೆ ಮರಳಿ ಹದಿನಾಲ್ಕು ವರ್ಷವಾಯಿತು.

ಮೊದಮೊದಲು ನಮ್ಮ ಪಡಸಾಲೆಗೆ ಜನ ಬೆಳೆಸಾಲದ ನೋಟಿಸು, ಪಾಸ್‌ಬುಕ್ಕು ಹಿಡಿದು ಬರುತ್ತಿದ್ದರು. ಈಗ ಐದಾರು ವರ್ಷಗಳಿಂದ ಬೇರೆ ಕಾಗದ ಬರುತ್ತಿವೆ. ಬಿ.ಎಡ್. ಮುಗಿಸಿದ ಹುಡುಗ ಹುಡುಗಿಯರು ಮೊಬೈಲಿನಲ್ಲಿ ಇಂಗ್ಲಿಷ್ ಕರಾರುಪತ್ರ ತೋರಿಸಿ, 'ಕಾಕಾ, ಇದರಾಗ ಏನ್ ಬರದಾರ ಸ್ವಲ್ಪ ನೋಡ್ರಿ' ಎನ್ನುತ್ತಾರೆ. ಒಬ್ಬರಿಗೆ ಮಾಲ್ಡೀವ್ಸ್, ಒಬ್ಬರಿಗೆ ದುಬೈ, ಒಬ್ಬರಿಗೆ ಒಮಾನ್. ಇಲ್ಲಿಯ ಖಾಸಗಿ ಶಾಲೆ ಕೊಡುವ ಸಂಬಳದಲ್ಲಿ ಬಸ್ ಚಾರ್ಜು ಕಳೆದರೆ ಎಷ್ಟು ಉಳಿಯುತ್ತದೆ ಎಂದು ಗೊತ್ತಿರುವವರು ಅವರನ್ನು 'ಯಾಕೆ ಹೋಗುತ್ತೀರಿ' ಎಂದು ಕೇಳುವುದಿಲ್ಲ.

ಮಾಸ್ತರಿಕೆ ನಮ್ಮ ಭಾಗಕ್ಕೆ ಹೊಸದಲ್ಲ. ಇದೇ ತಾಲ್ಲೂಕಿನ ಶಿಶುನಾಳದ ಷರೀಫರು (1819–1889) ಕೆಲಕಾಲ ಶಾಲಾ ಮಾಸ್ತರರಾಗಿದ್ದರು. ಸವಣೂರಿನಲ್ಲಿ 1909ರಲ್ಲಿ ಹುಟ್ಟಿದ ವಿ.ಕೃ. ಗೋಕಾಕರು ಆಕ್ಸ್‌ಫರ್ಡಿಗೆ ಹೋಗಿ ಓದಿ ಬಂದು ಜೀವನವಿಡೀ ಇಂಗ್ಲಿಷ್ ಕಲಿಸಿದರು. ಅವರು ಕಲಿಯಲು ಸಮುದ್ರ ದಾಟಿದರು, ಈಗಿನವರು ಕಲಿಸಲು ದಾಟುತ್ತಿದ್ದಾರೆ. ಅದೂ ತೀರ ಹೊಸತೇನಲ್ಲ. ಹೈಲೆ ಸೆಲಾಸಿ ಚಕ್ರವರ್ತಿಯ ಕಾಲದಲ್ಲಿ ಇಥಿಯೋಪಿಯಾದ ಶಾಲೆಗಳಿಗೆ ಭಾರತದಿಂದ ಸಾವಿರಾರು ಶಿಕ್ಷಕರು ಹೋಗಿದ್ದರು. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ವಿದೇಶದ ಡ್ರಾಫ್ಟ್ ಎಂದರೆ ರಿಜಿಸ್ಟರ್ಡ್ ಅಂಚೆಯಲ್ಲಿ ಬರಬೇಕು, ನಾವು ಅದನ್ನು ಕಲೆಕ್ಷನ್‌ಗೆ ಕಳಿಸಬೇಕು, ಹಣ ಜಮಾ ಆಗಲು ವಾರಗಟ್ಟಲೆ ಬೇಕು. ತಾಯಂದಿರು ಕೌಂಟರಿಗೆ ಬಂದು 'ಬಂತೇನ್ರೀ?' ಎಂದು ಕೇಳಿ ಹೋಗುತ್ತಿದ್ದರು. ಈಗ ಮಗಳು ಅಲ್ಲಿ ಗುಂಡಿ ಒತ್ತಿದರೆ ಇಲ್ಲಿ ಅಪ್ಪನ ಮೊಬೈಲು ಟಿಣ್ ಎನ್ನುತ್ತದೆ.

ನನ್ನ ತಂಗಿಯ ಮಗಳು ಮಸ್ಕತ್ತಿನಲ್ಲಿ ಗಣಿತದ ಟೀಚರು. ಮೊದಲ ಮೂರು ವರ್ಷ ಸಿಬಿಎಸ್‌ಇ ಪಠ್ಯಕ್ರಮದ ಭಾರತೀಯ ಶಾಲೆಯಲ್ಲಿದ್ದಳು, ಈಗ ಎರಡು ವರ್ಷದಿಂದ ಕೇಂಬ್ರಿಜ್ ಪಠ್ಯಕ್ರಮದ ಇಂಟರ್‌ನ್ಯಾಷನಲ್ ಶಾಲೆಯಲ್ಲಿದ್ದಾಳೆ. ಹೋದ ಚಳಿಗಾಲ ಅವಳ ಒತ್ತಾಯಕ್ಕೆ ಒಂದು ತಿಂಗಳು ಅಲ್ಲಿದ್ದು ಬಂದೆ. ತಡಸ ಕ್ರಾಸಿನಲ್ಲಿ ಬಸ್ ಹಿಡಿದು ಬೆಂಗಳೂರು ಮುಟ್ಟಲು ಒಂದು ರಾತ್ರಿ ಬೇಕಾಯಿತು. ಅಲ್ಲಿಂದ ಮಸ್ಕತ್ತಿಗೆ ವಿಮಾನದಲ್ಲಿ ಮೂರು ಗಂಟೆ ಚಿಲ್ಲರೆ ಅಷ್ಟೆ. ಗಡಿಯಾರ ನಮಗಿಂತ ಒಂದೂವರೆ ತಾಸು ಹಿಂದೆ.

ಮಸ್ಕತ್ತು ನಾನು ಅಂದುಕೊಂಡ ಹಾಗಿರಲಿಲ್ಲ. ಗಲ್ಫ್ ಎಂದರೆ ಗಾಜಿನ ಗೋಪುರಗಳು ಎಂದು ನನ್ನ ಕಲ್ಪನೆ. ಇಲ್ಲಿ ಎತ್ತರದ ಕಟ್ಟಡಗಳೇ ಅಪರೂಪ. ಬೋಳು ಕಲ್ಲುಗುಡ್ಡಗಳು, ಅವುಗಳ ಸಂದಿಯಲ್ಲಿ ಸುಣ್ಣ ಬಳಿದಂಥ ಬಿಳಿ ಮನೆಗಳು. ಮುತ್ರಾದ ಸಮುದ್ರದಂಡೆಯಲ್ಲಿ ಸಂಜೆ ನಡೆದರೆ ಲೋಬಾನದ ಹೊಗೆಯ ವಾಸನೆ. ರುವಿ ಎಂಬ ಬಡಾವಣೆಗೆ ಹೋದರೆ ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ನಿಂತ ಹಾಗೆ: ಮಲಯಾಳಿ ಹೋಟೆಲು, ಗುಜರಾತಿ ಬಂಗಾರದಂಗಡಿ, ಸೋನಾಮಸೂರಿ ಅಕ್ಕಿ, ಕರಿಬೇವು ಎಲ್ಲ ಉಂಟು. ಹಳೆ ಮಸ್ಕತ್ತಿನಲ್ಲಿ ಸುಲ್ತಾನರ ಅರಮನೆಯ ಹತ್ತಿರ ಮೋತೀಶ್ವರನ ಗುಡಿಯಿದೆ. ಸೋಮವಾರ ಹೋಗಿ ಕೈಮುಗಿದು ಬಂದೆವು.

ಬ್ಯಾಂಕಿನವನಾದ ನನಗೆ ಹೆಚ್ಚು ಖುಷಿ ಕೊಟ್ಟದ್ದು ಅಲ್ಲಿಯ ಚಿಲ್ಲರೆ. ಒಂದು ರಿಯಾಲ್‌ಗೆ ಸಾವಿರ ಬೈಸಾ. ಬೈಸಾ ಎಂದರೆ ನಮ್ಮ ಪೈಸೆಯೇ. ಒಂದು ಕಾಲದಲ್ಲಿ ಆ ಕಡಲತೀರದಲ್ಲೆಲ್ಲ ನಮ್ಮ ರೂಪಾಯಿಯೇ ಓಡುತ್ತಿತ್ತು. 1959ರಲ್ಲಿ ನಮ್ಮ ರಿಸರ್ವ್ ಬ್ಯಾಂಕು ಗಲ್ಫ್ ದೇಶಗಳಿಗೆಂದೇ ಬೇರೆ ನೋಟು ಮುದ್ರಿಸಿತು, ಒಮಾನಿನಲ್ಲಿ ಅದು 1970ರವರೆಗೂ ಚಲಾವಣೆಯಲ್ಲಿತ್ತು. ಮಕ್ಕಳೇ, ನಿಮ್ಮ ಅಜ್ಜನ ಪೆಟ್ಟಿಗೆಯಲ್ಲಿ ಮಾಮೂಲಿಗಿಂತ ಬೇರೆ ಬಣ್ಣದ ಹಳೆ ನೋಟು ಸಿಕ್ಕರೆ ಎಸೆಯಬೇಡಿ.

ತಂಗಿಯ ಮಗಳ ದಿನ ಬೆಳಿಗ್ಗೆ ಐದಕ್ಕೆ ಶುರು. ಆರೂಕಾಲಿಗೆ ಬಸ್ಸು, ಏಳಕ್ಕೆಲ್ಲ ಶಾಲೆ. ಶುಕ್ರವಾರ ಶನಿವಾರ ರಜೆ, ಭಾನುವಾರ ಕೆಲಸ. ನನಗಂತೂ ಒಂದು ತಿಂಗಳಾದರೂ ಇದು ರೂಢಿಯಾಗಲಿಲ್ಲ. ಭಾರತೀಯ ಶಾಲೆಯಲ್ಲಿ ಕೆಲಸ ನಮ್ಮೂರಿನದೇ ಥರ: ತರಗತಿ ತುಂಬ ಮಕ್ಕಳು, ಅದೇ ಎನ್‌ಸಿಇಆರ್‌ಟಿ ಪುಸ್ತಕ, ಏಪ್ರಿಲ್‌ನಲ್ಲಿ ಹೊಸ ವರ್ಷ. ಇಂಟರ್‌ನ್ಯಾಷನಲ್ ಶಾಲೆಗೆ ಬಂದ ಮೇಲೆಯೇ ಅವಳಿಗೆ ನಿಜವಾದ ಪರೀಕ್ಷೆ ಎದುರಾಯಿತು. ಅಲ್ಲಿ ತರಗತಿಗೆ ಇಪ್ಪತ್ತು ಚಿಲ್ಲರೆ ಮಕ್ಕಳು, ಹತ್ತು ದೇಶದವರು. ಶಾಲಾವರ್ಷ ಆಗಸ್ಟ್ ಕೊನೆ, ಸೆಪ್ಟೆಂಬರಿಗೆ ಶುರು. ಉತ್ತರ ಸರಿಯಿದ್ದರೆ ಸಾಲದು, ಹೇಗೆ ಬಂತೆಂದು ಮಗು ಹೇಳಬೇಕು. ಬೋರ್ಡಿನ ಮೇಲೆ ಟೀಚರು ಬರೆಯುವುದು, ಮಕ್ಕಳು ಇಳಿಸಿಕೊಳ್ಳುವುದು ಎಂಬ ಕ್ರಮ ನಡೆಯುವುದಿಲ್ಲ. ತಂದೆತಾಯಿ ರಾತ್ರಿ ಇ-ಮೇಲ್ ಬರೆಯುತ್ತಾರೆ, ಬೆಳಿಗ್ಗೆ ಉತ್ತರ ಬೇಕು. 'ಮಾಮಾ, ಮೊದಲ ಟರ್ಮ್‌ನಾಗ ದಿನಾ ಅತ್ತೇನಿ' ಎಂದಳು. ಆಮೇಲೆ ಅವಳು ಮಾಡಿದ ಉಪಾಯ ಒಳ್ಳೆಯದು. ಬಿಡುವಿನ ಅವಧಿಯಲ್ಲಿ ಸಹೋದ್ಯೋಗಿಗಳ ಅನುಮತಿ ಕೇಳಿ ಅವರ ತರಗತಿಯ ಹಿಂದಿನ ಬೆಂಚಿನಲ್ಲಿ ಕೂತು ನೋಡಿದಳು. ಹಾಗೆ ಕೂರುವುದು ಅಲ್ಲಿ ಕೀಳಲ್ಲ, ಹೊಸಬರು ಕೇಳಿದರೆ ಸಂತೋಷಪಡುತ್ತಾರಂತೆ. ಇನ್ನೊಂದು, ಮೊದಲ ದಿನವೇ ಮಕ್ಕಳ ಹೆಸರನ್ನು ಅವರ ಬಾಯಿಂದಲೇ ಹೇಳಿಸಿ, ತನಗೆ ತಿಳಿಯುವ ಹಾಗೆ ಕನ್ನಡದಲ್ಲಿ ಬರೆದುಕೊಂಡಳು. ಕೊರಿಯಾದ ಹೆಸರಾಗಲಿ, ಅರಬ್ಬಿ ಹೆಸರಾಗಲಿ ಕನ್ನಡ ಅಕ್ಷರದಲ್ಲಿ ಕೂಡುವಷ್ಟು ಚೆನ್ನಾಗಿ ಇಂಗ್ಲಿಷಿನಲ್ಲಿ ಕೂಡುವುದಿಲ್ಲ.

ಮಕ್ಕಳ ರಕ್ಷಣೆಯ ನಿಯಮ ಅಲ್ಲಿ ಬಲು ಬಿಗಿ. ಕೈ ಎತ್ತುವ ಮಾತಂತೂ ಇಲ್ಲವೇ ಇಲ್ಲ. ಒಂದೇ ಮಗುವಿಗೆ ಪಾಠ ಹೇಳುವಾಗ ಬಾಗಿಲು ತೆರೆದಿರಬೇಕು. ಮಕ್ಕಳ ಫೋಟೊ ತೆಗೆದು ವಾಟ್ಸ್‌ಆ್ಯಪ್ ಸ್ಟೇಟಸ್‌ಗೆ ಹಾಕಿದರೆ ಕೆಲಸಕ್ಕೇ ಕುತ್ತು. ನಮ್ಮೂರಿನ ಶಾಲೆಗಳಿಗೂ ಇದರಲ್ಲಿ ಕಲಿಯುವುದಿದೆ ಎಂದು ನನಗನ್ನಿಸಿತು.

ಸಂಬಳದ ವಿಷಯದಲ್ಲಿ ಒಂದು ಕಹಿ ಮಾತು ಹೇಳಲೇಬೇಕು. ಅದೇ ಶಾಲೆ, ಅದೇ ಪಾಠ, ಅದೇ ಅನುಭವ ಇದ್ದರೂ ಪಾಸ್‌ಪೋರ್ಟಿನ ಬಣ್ಣ ನೋಡಿ ಸಂಬಳ ಕಟ್ಟುವ ಶಾಲೆಗಳಿವೆ. ಇಂಗ್ಲೆಂಡಿನಿಂದ ಬಂದವರಿಗೆ ಮನೆ, ವರ್ಷಕ್ಕೊಮ್ಮೆ ವಿಮಾನದ ಟಿಕೆಟು, ಮಕ್ಕಳಿಗೆ ಉಚಿತ ಶಿಕ್ಷಣ. ಭಾರತದವರನ್ನು 'ಸ್ಥಳೀಯ ನೇಮಕ' ಎಂದು ಬರೆದು ಅರ್ಧಕ್ಕೆ ಒಪ್ಪಿಸುತ್ತಾರೆ. ಆದ್ದರಿಂದ ಕರಾರುಪತ್ರದಲ್ಲಿ ಸಂಬಳದ ಅಂಕಿಗಿಂತ ಅದರ ಕೆಳಗಿನ ಸಾಲುಗಳನ್ನು ಓದಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಮೂಲ ವೇತನ ಎಷ್ಟು, ಭತ್ಯೆ ಎಷ್ಟು? ಗಲ್ಫ್ ದೇಶಗಳಲ್ಲಿ ಕೆಲಸ ಬಿಡುವಾಗ ಕೊಡುವ ಗ್ರಾಚ್ಯುಟಿಯನ್ನು ಸಾಮಾನ್ಯವಾಗಿ ಮೂಲ ವೇತನದ ಮೇಲೆ ಲೆಕ್ಕ ಹಾಕುತ್ತಾರೆ. ಯುಎಇಯಲ್ಲಿ ಮೊದಲ ಐದು ವರ್ಷ, ವರ್ಷಕ್ಕೆ 21 ದಿನದ ಮೂಲ ವೇತನ; ಆಮೇಲೆ 30 ದಿನದ್ದು. ಮೂಲ ವೇತನ ಕಡಿಮೆ, ಭತ್ಯೆ ಹೆಚ್ಚು ಇದ್ದರೆ ಕೊನೆಯಲ್ಲಿ ಕೈಗೆ ಬರುವ ಗಂಟು ಸಣ್ಣದು. ಬೇಸಿಗೆ ರಜೆಯ ಸಂಬಳ ಕೊಡುತ್ತಾರೋ ಇಲ್ಲವೋ, ಕರಾರು ನಡುವೆ ಬಿಟ್ಟರೆ ದಂಡವೆಷ್ಟು, ಆಸ್ಪತ್ರೆ ವಿಮೆ ಯಾರದು, ವೀಸಾ ಖರ್ಚು ಯಾರದು, ಇವಿಷ್ಟಕ್ಕೆ ಬರಹದಲ್ಲಿ ಉತ್ತರ ಬೇಕು. ಫೋನಿನಲ್ಲಿ 'ಎಲ್ಲಾ ಕೊಡ್ತೀವಿ' ಎಂದದ್ದಕ್ಕೆ ಬೆಲೆಯಿಲ್ಲ.

ಕಾಗದಪತ್ರದ ಕೆಲಸ ಆರು ತಿಂಗಳು ಮೊದಲೇ ಶುರುಮಾಡಬೇಕು. ನಮ್ಮ ಕಡೆ ಎಷ್ಟೋ ಮಂದಿ ಅಂಕಪಟ್ಟಿ ಇಟ್ಟುಕೊಂಡಿರುತ್ತಾರೆ, ವಿಶ್ವವಿದ್ಯಾಲಯದ ಘಟಿಕೋತ್ಸವದ ಪದವಿ ಪ್ರಮಾಣಪತ್ರವನ್ನು ತೆಗೆಸಿರುವುದೇ ಇಲ್ಲ. ವಿದೇಶದಲ್ಲಿ ಕೇಳುವುದು ಅದನ್ನೇ. ಎರಡನೆಯದು ಹೆಸರು. ನಮ್ಮ ಧಾರವಾಡ ಹಾವೇರಿ ಕಡೆಯ ಅಡ್ಡಹೆಸರುಗಳು ಪ್ರಸಿದ್ಧವಷ್ಟೆ: ಮೆಣಸಿನಕಾಯಿ, ಉಳ್ಳಾಗಡ್ಡಿ, ಹಿಟ್ನಳ್ಳಿ, ಕುಲಕರ್ಣಿ. ಎಸ್‌ಎಸ್‌ಎಲ್‌ಸಿ ಪಟ್ಟಿಯಲ್ಲಿ ಅಡ್ಡಹೆಸರು ಮೊದಲು, ಆಧಾರಿನಲ್ಲಿ ಕೊನೆಗೆ, ಪದವಿಯಲ್ಲಿ ಅಪ್ಪನ ಹೆಸರಿನ ಒಂದಕ್ಷರ ಮಾತ್ರ, ಮದುವೆಯಾದ ಮೇಲೆ ಪಾಸ್‌ಪೋರ್ಟಿನಲ್ಲಿ ಗಂಡನ ಅಡ್ಡಹೆಸರು. ಒಬ್ಬಳೇ ಹೆಣ್ಣುಮಗಳು ಕಾಗದದ ಮೇಲೆ ನಾಲ್ಕು ಜನರಾಗಿಬಿಡುತ್ತಾಳೆ. ಪಾಸ್‌ಪೋರ್ಟ್ ಅರ್ಜಿ ಹಾಕುವ ಮೊದಲೇ ಇದನ್ನು ಸರಿಮಾಡಿಸಿ.

ಆಮೇಲೆ ದೃಢೀಕರಣ. ಪದವಿಪತ್ರಕ್ಕೆ ಮೊದಲು ರಾಜ್ಯ ಸರ್ಕಾರದ ಮುದ್ರೆ, ನಂತರ ದೆಹಲಿಯ ವಿದೇಶಾಂಗ ಸಚಿವಾಲಯದ 'ಅಪೊಸ್ಟೀಲ್' ಎಂಬ ಚೀಟಿ. 2005ರಿಂದ ಭಾರತ ಈ ಹೇಗ್ ಒಪ್ಪಂದದಲ್ಲಿದೆ, ಒಮಾನೂ ಅದರಲ್ಲಿದೆ. ಸೇರದ ದೇಶಗಳಿಗೆ ಹೋಗುವವರು ಆ ದೇಶದ ರಾಯಭಾರ ಕಚೇರಿಯ ಮುದ್ರೆಯನ್ನೂ ಹಾಕಿಸಬೇಕು. ಅಪೊಸ್ಟೀಲ್‌ಗೆ ಸರ್ಕಾರದ ಶುಲ್ಕ ಒಂದು ದಾಖಲೆಗೆ 50 ರೂಪಾಯಿ, ಅದರ ಮೇಲೆ ಅಧಿಕೃತ ಸಂಗ್ರಹ ಕೇಂದ್ರದ ಸಣ್ಣ ಸೇವಾಶುಲ್ಕ. ಮಧ್ಯದವರು ಇದಕ್ಕೇ ಹತ್ತು ಹದಿನೈದು ಸಾವಿರ ಕೇಳಿದ್ದನ್ನು ಕಂಡಿದ್ದೇನೆ. ಪೊಲೀಸ್ ಕ್ಲಿಯರೆನ್ಸ್ ಪ್ರಮಾಣಪತ್ರಕ್ಕೆ ಪಾಸ್‌ಪೋರ್ಟ್ ಸೇವಾ ಜಾಲತಾಣದಲ್ಲೇ ಅರ್ಜಿ ಹಾಕಬಹುದು. ಹಳೆ ಶಾಲೆಯ ಅನುಭವಪತ್ರ ಶಾಲೆಯ ಲೆಟರ್‌ಹೆಡ್ ಮೇಲೆ ಇಂಗ್ಲಿಷಿನಲ್ಲಿರಲಿ, ಹೆಡ್‌ಮಾಸ್ತರರ ಇ-ಮೇಲ್ ವಿಳಾಸವೂ ಅದರಲ್ಲಿರಲಿ. ಹೊಸ ಶಾಲೆಯವರು ಖಂಡಿತ ಬರೆದು ಕೇಳುತ್ತಾರೆ.

ಏಜೆಂಟರ ಬಗ್ಗೆ ಎರಡು ಮಾತು. 1983ರ ವಲಸೆ ಕಾಯ್ದೆಯ ಪ್ರಕಾರ ವಿದೇಶಿ ಕೆಲಸಕ್ಕೆ ಜನ ಕಳಿಸುವವರು ಸರ್ಕಾರದಲ್ಲಿ ನೋಂದಣಿ ಮಾಡಿಸಿರಬೇಕು. ಅವರ ಪಟ್ಟಿ 'ಇ-ಮೈಗ್ರೇಟ್' ಜಾಲತಾಣದಲ್ಲಿದೆ. ಅಭ್ಯರ್ಥಿಯಿಂದ ಅವರು ತೆಗೆದುಕೊಳ್ಳಬಹುದಾದ ಗರಿಷ್ಠ ಸೇವಾಶುಲ್ಕ 30,000 ರೂಪಾಯಿ ಮತ್ತು ಜಿಎಸ್‌ಟಿ. ನಮ್ಮ ಪಕ್ಕದ ಊರಿನ ಹುಡುಗನೊಬ್ಬ ಎರಡು ಲಕ್ಷ ಕೊಟ್ಟು, ಮೂಲ ಪ್ರಮಾಣಪತ್ರಗಳನ್ನೂ ಅವರ ಕೈಗಿಟ್ಟು ಬಂದಿದ್ದ. ಕೆಲಸ ಬರಲಿಲ್ಲ. ಪ್ರಮಾಣಪತ್ರ ಬಿಡಿಸಿಕೊಳ್ಳಲು ಅವನ ಅಪ್ಪ ಎಂಟು ಸಲ ಆ ಪಟ್ಟಣಕ್ಕೆ ಅಲೆದರು. ಒಳ್ಳೆಯ ಶಾಲೆಗಳು ಶಿಕ್ಷಕರಿಂದ ಹಣ ಕೇಳುವುದಿಲ್ಲ, ಅವೇ ಏಜೆನ್ಸಿಗೆ ಕೊಡುತ್ತವೆ. ಮುಟ್ಟಿದ ಮೇಲೆ ಪಾಸ್‌ಪೋರ್ಟನ್ನು ಶಾಲೆಯವರು 'ಭದ್ರವಾಗಿಡುತ್ತೇವೆ' ಎಂದರೆ ಕೊಡಬೇಡಿ. ವೀಸಾ ಮುದ್ರೆಗೆ ಕೊಟ್ಟರೆ ರಸೀದಿ ಪಡೆದು ವಾಪಸು ಕೇಳಿ. ಪಾಸ್‌ಪೋರ್ಟ್ ಭಾರತ ಸರ್ಕಾರದ ಆಸ್ತಿ ಎಂದು ಕಾಯ್ದೆಯಲ್ಲೇ ಇದೆ, ಅದನ್ನೇ ವಿನಯದಿಂದ ಹೇಳಿ.

ಈಗ ನನ್ನ ಇಲಾಖೆಗೆ ಬರುತ್ತೇನೆ. ಕೆಲಸಕ್ಕೆಂದು ವಿದೇಶಕ್ಕೆ ಹೊರಟವರು ಇಲ್ಲಿಯ ಉಳಿತಾಯ ಖಾತೆಯನ್ನು ಹಾಗೆಯೇ ಬಿಟ್ಟು ಹೋಗುವಂತಿಲ್ಲ, ಬ್ಯಾಂಕಿಗೆ ತಿಳಿಸಿ ಅದನ್ನು ಎನ್‌ಆರ್‌ಒ ಖಾತೆಯಾಗಿ ಬದಲಿಸಬೇಕು. ಅಲ್ಲಿಂದ ಕಳಿಸುವ ಹಣಕ್ಕೆ ಎನ್‌ಆರ್‌ಇ ಖಾತೆ ಬೇರೆ ತೆರೆಯಬೇಕು. ಎನ್‌ಆರ್‌ಇ ಠೇವಣಿಯ ಬಡ್ಡಿಗೆ ಇಲ್ಲಿ ತೆರಿಗೆಯಿಲ್ಲ, ಎನ್‌ಆರ್‌ಒ ಬಡ್ಡಿಗೆ ಶೇಕಡಾ 30 ಮತ್ತು ಮೇಲಿನ ಸೆಸ್ ಮುರಿಯುತ್ತಾರೆ. ಎರಡರ ಹೆಸರೂ ಒಂದೇ ಥರ ಕೇಳಿಸುವುದರಿಂದ ಕೌಂಟರಿನಲ್ಲಿ ಅರ್ಧ ಗಲಾಟೆ ಇದರದ್ದೇ. ತಾಯಿ ಅಥವಾ ತಂದೆಯನ್ನು ಎನ್‌ಆರ್‌ಇ ಖಾತೆಗೆ ಸೇರಿಸಬಹುದು, ಆದರೆ ಮಗಳು ಇರುವವರೆಗೆ ಅವರು ಮುಖ್ತ್ಯಾರಪತ್ರದ ಮೇಲಷ್ಟೇ ವ್ಯವಹಾರ ಮಾಡಬಹುದು. ಆ ಪತ್ರವನ್ನು ಹೊರಡುವ ಮೊದಲೇ ಬ್ಯಾಂಕಿಗೆ ಕೊಟ್ಟು ಹೋದರೆ ಅಪ್ಪನಿಗೆ ರಾತ್ರೋರಾತ್ರಿ ಹುಬ್ಬಳ್ಳಿ ಆಸ್ಪತ್ರೆ ಸೇರಬೇಕಾದಾಗ ಹಣಕ್ಕೆ ಪರದಾಟವಿಲ್ಲ. ಹಳೆಯ ಪಿಪಿಎಫ್ ಖಾತೆ ಅವಧಿ ಮುಗಿಯುವವರೆಗೆ ನಡೆಸಬಹುದು, ಮುಂದೆ ವಿಸ್ತರಿಸುವಂತಿಲ್ಲ.

ಹೊರಡುವ ತಾರೀಖಿಗೂ ಲೆಕ್ಕವಿದೆ. ಕೆಲಸಕ್ಕಾಗಿ ಹೊರಡುವವರು ಏಪ್ರಿಲ್ 1ರಿಂದ ಆ ಹಣಕಾಸು ವರ್ಷದಲ್ಲಿ 182 ದಿನಕ್ಕಿಂತ ಕಡಿಮೆ ಭಾರತದಲ್ಲಿದ್ದರೆ ತೆರಿಗೆಯ ಮಟ್ಟಿಗೆ ಅನಿವಾಸಿ. ಆಗಸ್ಟಿನಲ್ಲಿ ಹೋದವರಿಗೆ ಚಿಂತೆಯಿಲ್ಲ. ಅಕ್ಟೋಬರಿನಲ್ಲಿ ಹೋದರೆ ಆ ವರ್ಷ ಅಲ್ಲಿ ಗಳಿಸಿದ್ದಕ್ಕೂ ಇಲ್ಲಿ ತೆರಿಗೆ ಕಟ್ಟಬೇಕಾದೀತು. ರಜೆಗೆ ಬಂದುಹೋದ ದಿನಗಳೂ ಲೆಕ್ಕಕ್ಕೆ ಸೇರುತ್ತವೆ.

ಇಷ್ಟೆಲ್ಲ ಗೊತ್ತಿದ್ದರೂ ನಮ್ಮ ಮನೆಯಲ್ಲೇ ಒಂದು ಗಂಟು ಬಿತ್ತು. ತಂಗಿಯ ಮನೆಯ ಹೊಲಕ್ಕೆ ತಾಗಿ ಎರಡು ಎಕರೆಯ ಒಂದು ಪಟ್ಟಿ ಇದೆ. ಹಿಂದೆ ಅವರದ್ದೇ. ಮಗಳ ಬಿ.ಎಡ್. ಫೀಸು, ತಂಗಿಯ ಆಪರೇಷನ್ ಎರಡೂ ಒಂದೇ ವರ್ಷ ಬಂದು ಅದನ್ನು ಮಾರಿದ್ದರು. ಅದನ್ನು ಮರಳಿ ಕೊಳ್ಳಬೇಕೆಂದೇ ಹುಡುಗಿ ವಿಮಾನ ಹತ್ತಿದ್ದು. ಐದು ವರ್ಷ ಕೂಡಿಟ್ಟಳು. ಕೊಂಡವರೂ ಮಾರಲು ಒಪ್ಪಿದರು. ಅವಳು ಮಸ್ಕತ್ತಿನಿಂದ ಫೋನ್ ಮಾಡಿ ಖರೀದಿಪತ್ರ ತನ್ನ ಹೆಸರಿಗೇ ಆಗಬೇಕೆಂದಳು. ನಾನು ಆಗುವುದಿಲ್ಲ ಎನ್ನಬೇಕಾಯಿತು.

'ಯಾಕ ಮಾಮಾ? ಈಗ ರೈತರಲ್ಲದವರೂ ಹೊಲ ತಗೋಬಹುದು ಅಂತ ಕಾಯ್ದೆ ಬಂದೈತಲ್ಲ. ನಾ ಹುಟ್ಟಿದ್ದೇ ರೈತರ ಮನ್ಯಾಗ.'

ಅವಳ ಮಾತು ಸರಿಯೇ. 2020ರಲ್ಲಿ ಕರ್ನಾಟಕ ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿಯಾಗಿ ಕೃಷಿಕರಲ್ಲದವರಿಗೂ ದಾರಿ ತೆರೆಯಿತು. ಆದರೆ ಅನಿವಾಸಿಗಳಿಗೆ ಅಡ್ಡ ನಿಂತಿರುವುದು ಕೇಂದ್ರದ ಫೆಮಾ ಕಾಯ್ದೆ. ಅನಿವಾಸಿ ಭಾರತೀಯರು ಇಲ್ಲಿ ಮನೆ, ನಿವೇಶನ, ಅಂಗಡಿ ಕೊಳ್ಳಬಹುದು. ಹೊಲ, ತೋಟ, ಫಾರ್ಮ್‌ಹೌಸ್ ಕೊಳ್ಳುವಂತಿಲ್ಲ. ಹಿರಿಯರಿಂದ ವಾರಸುದಾರಿಕೆಯಲ್ಲಿ ಬಂದರೆ ಇಟ್ಟುಕೊಳ್ಳಬಹುದು. ಫೋನಿನ ಆ ಕಡೆ ಬಹಳ ಹೊತ್ತು ಮಾತಿರಲಿಲ್ಲ.

ಉಳಿದದ್ದು ಒಂದೇ ದಾರಿ. ಅವಳು ಹಣವನ್ನು ಅಪ್ಪನ ಖಾತೆಗೆ ಕಾಣಿಕೆಯಾಗಿ ಕಳಿಸುವುದು, ಅಪ್ಪ ತಮ್ಮ ಹೆಸರಿಗೆ ಕೊಳ್ಳುವುದು. ಮಗಳು ಅಪ್ಪನಿಗೆ ಕೊಟ್ಟ ಕಾಣಿಕೆಗೆ ತೆರಿಗೆಯಿಲ್ಲ. ಆದರೆ ಅವಳಿಗೆ ಒಬ್ಬ ತಮ್ಮನಿದ್ದಾನೆ, ಅವನೇ ಊರಲ್ಲಿದ್ದು ಒಕ್ಕಲುತನ ಮಾಡುವವನು, ಅಪ್ಪ ಅಮ್ಮನನ್ನು ನೋಡಿಕೊಳ್ಳುವವನು. ಅಪ್ಪನ ಕಾಲಾನಂತರ ಆ ಎರಡು ಎಕರೆ ಯಾರದ್ದು? ಈ ಪ್ರಶ್ನೆಯನ್ನು ಯಾರೂ ಬಾಯಿಬಿಟ್ಟು ಕೇಳಲಿಲ್ಲ. ಎಲ್ಲರೂ ನನ್ನ ಮುಖ ನೋಡಿದರು. ಇಂಥ ಪ್ರಶ್ನೆ ಬಾಯಿಬಿಟ್ಟು ಕೇಳದೆ ಕೋರ್ಟಿಗೆ ಹೋದ ಮನೆಗಳ ಲಾಕರ್ ಕೀಲಿಗಳನ್ನು ನಾನು ಸಾಕಷ್ಟು ಕಂಡವನು, ಆದ್ದರಿಂದ ನಾನೇ ಕೇಳಿದೆ. ಹುಡುಗ ಎದ್ದು ಹೊರಗೆ ಹೋದ. ಎರಡು ದಿನ ನಮ್ಮ ಮನೆಯ ಕಡೆ ಹಾಯಲಿಲ್ಲ.

ಮೂರನೆಯ ದಿನ ಅವನೇ ಬಂದ. 'ಹೊಲ ಅಕ್ಕನ ಹೆಸರಿಗೇ ಬರೀರಿ, ಮಾಮಾ. ಅಕಿ ದುಡದದ್ದು. ನಾ ಇರೂತನ ಉಳುಮಿ ನಾನ ಮಾಡತೇನಿ, ಅದೊಂದು ಬರಸ್ರಿ' ಎಂದ. ಖರೀದಿ ಅಪ್ಪನ ಹೆಸರಿಗಾಯಿತು. ಅಪ್ಪನ ಸ್ವಯಾರ್ಜಿತವಾದ್ದರಿಂದ ಮೃತ್ಯುಪತ್ರ ಬರೆಯುವ ಹಕ್ಕು ಅವರದ್ದು. ಶಿಗ್ಗಾವಿಯ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಅದನ್ನೂ ನೋಂದಣಿ ಮಾಡಿಸಿದೆವು. ಸಾಕ್ಷಿಗೆ ಇಬ್ಬರು ಹೊರಗಿನವರು, ಪಾಲು ಪಡೆಯುವವರು ಸಾಕ್ಷಿ ಹಾಕಬಾರದು. ಈ ಮುಂಗಾರಿನಲ್ಲಿ ಅಲ್ಲಿ ಗೋವಿನಜೋಳ ಬಿತ್ತಿದ್ದಾರೆ.

ಹೊರಡುವವರ ಪೆಟ್ಟಿಗೆಯ ಬಗ್ಗೆ ತಾಯಂದಿರಿಗೆ ಒಂದು ಸೂಚನೆ ಬಾಕಿಯಿದೆ. ಯುಎಇ, ಸೌದಿ ಅರೇಬಿಯಾಗಳಲ್ಲಿ ಗಸಗಸೆ ನಿಷಿದ್ಧ ವಸ್ತು, ಅಫೀಮಿನ ಗಿಡದ ಬೀಜವೆಂದು. ಆ ಭಾಗದ ಯಾವ ದೇಶಕ್ಕೇ ಹೋಗುವುದಿದ್ದರೂ ಒಯ್ಯದಿರುವುದೇ ಕ್ಷೇಮ. ನಮ್ಮ ಕರ್ಚಿಕಾಯಿ, ಅಂಟಿನುಂಡೆಗೆ ಗಸಗಸೆ ಹಾಕದೆ ಕೈ ಓಡುವುದಿಲ್ಲ. ಮಾಲ್ಡೀವ್ಸಿಗೆ ಪೂಜೆಯ ವಿಗ್ರಹ ಒಯ್ಯುವಂತಿಲ್ಲ. ಬಿಪಿ, ಸಕ್ಕರೆ ಮಾತ್ರೆ ಒಯ್ಯುವವರು ಡಾಕ್ಟರ ಚೀಟಿಯನ್ನು ಜೊತೆಗೇ ಇಟ್ಟುಕೊಳ್ಳಬೇಕು. ನಾನು ಹೋಗುವಾಗ ತಂಗಿ ಮಗಳಿಗೆಂದು ಕರ್ಚಿಕಾಯಿಗೆ ಬರೀ ಎಳ್ಳು, ಕೊಬ್ಬರಿ, ಬೆಲ್ಲ ತುಂಬಿದ್ದಳು. ಮಸ್ಕತ್ ವಿಮಾನ ನಿಲ್ದಾಣದ ಅಧಿಕಾರಿ ಡಬ್ಬಿ ತೆರೆಸಿ, ಮೂಸಿ ನೋಡಿ, ಮುಚ್ಚಳ ಹಾಕಿ ಕೈಗೆ ಕೊಟ್ಟ.